ಮತ್ತೆ ಮತ್ತೆ ಕಲೆಗೆ ಮರಳಿದ ಅಣ್ಣಾಭಾವು ಸಾಠೆ



ವಿಶ್ರಾಮಬಾಗದಿಂದ ಹೊರಟು ಸಾಂಗ್ಲಿ ದಾಟಿ ಇಸ್ಲಾಂಪುರದ ದಾರಿ ಹಿಡಿಯಿರಿ. ಪೇಠ ನಾಕಾದಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಸಿಗತದ. ಅಲ್ಲಿಂದ ಕರಾಡದ ಕಡೆ ಸ್ವಲ್ಪ ಹೋದರೆ ಕಾಸೇಗಾಂವ, ಅದರ ಹತ್ತಿರವೇ ವಾಟೇಗಾಂವ. ಅರ್ಧ ದಿನದಲ್ಲಿ ಹೋಗಿ ಬರುವ ಊರು. ಆದರೂ ನಮ್ಮ ಓಣಿಯಲ್ಲಿ ಅಲ್ಲಿಗೆ ಹೋಗಿ ಬಂದವರು ಎಷ್ಟು ಮಂದಿ ಅಂತ ಎಣಿಸಿದರೆ ಒಂದು ಕೈಯ ಬೆರಳು ಸಾಕಾಗಬಹುದು. ಆಗಸ್ಟ್ 1ಕ್ಕೆ ಫೋಟೋಕ್ಕೆ ಹಾರ ಹಾಕತೀವಿ, ಹಲಗಿ ಬಾರಸತೀವಿ, ಘೋಷಣೆ ಕೂಗತೀವಿ. ಆಗಸ್ಟ್ 2ಕ್ಕೆ ಫೋಟೋ ಮತ್ತೆ ಕಪಾಟು ಸೇರತದ.

ಅದಕ್ಕಾಗಿ ಈ ವರ್ಷದ ಸ್ಮರಣ ಸಂಚಿಕೆಯಲ್ಲಿ ಫೋಟೋದಲ್ಲಿರುವ ಆ ಮನುಷ್ಯನ ಬದುಕನ್ನೇ ನಿಮ್ಮ ಮುಂದೆ ಇಡತೇನೆ. ಸಾಹಿತ್ಯರತ್ನ, ಲೋಕಶಾಹೀರ ಅಂತ ಬಿರುದು ಹೇಳಿ ಮುಗಿಸೋದು ಸುಲಭ. ಆದರೆ ಈ ಮನುಷ್ಯನ ಕೈಯಿಂದ ಕಲೆ ಎಷ್ಟು ಸಲ ಜಾರಿತು, ಎಷ್ಟು ಸಲ ಕಸಿಯಲಾಯಿತು, ಪ್ರತಿ ಸಲ ಅವರು ಯಾವ ದಾರಿಯಿಂದ ಅದರ ಹತ್ತಿರ ತಿರುಗಿ ಬಂದರು, ಅದನ್ನು ತಿಳಿದರೆ ನಿಮಗೂ ನನಗೂ ಉಪಯೋಗ ಅದ.

ವಾಟೇಗಾಂವದ ತುಕಾರಾಮ

ಅವರ ಹುಟ್ಟು ಹೆಸರು ತುಕಾರಾಮ. ತಂದೆ ಭಾವೂರಾವ, ತಾಯಿ ವಾಲೂಬಾಯಿ. 1920ರ ಆಗಸ್ಟ್ 1ರಂದು ಮಾತಂಗ ಸಮಾಜದ ಬಡ ಮನೆಯಲ್ಲಿ ಹುಟ್ಟಿದರು. ಆಗ ವಾಟೇಗಾಂವ ಸಾತಾರಾ ಜಿಲ್ಲೆಯಲ್ಲಿತ್ತು. ನಮ್ಮ ಜಿಲ್ಲೆ ದಕ್ಷಿಣ ಸಾತಾರಾ ಎಂಬ ಹೆಸರಿನಿಂದ ಬೇರೆಯಾದದ್ದು 1949ರಲ್ಲಿ, ಸಾಂಗ್ಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಅದೇ 1920ರ ಮಾರ್ಚ್ ತಿಂಗಳಲ್ಲಿ ಕೊಲ್ಹಾಪುರ ಸೀಮೆಯ ಮಾಣಗಾಂವದಲ್ಲಿ ಶಾಹೂ ಮಹಾರಾಜರು ಬಾಬಾಸಾಹೇಬರನ್ನು ಬಹಿಷ್ಕೃತರ ನಾಯಕ ಅಂತ ಜನರ ಮುಂದೆ ನಿಲ್ಲಿಸಿದ್ದರು. ಅಂದರೆ ಗಾಳಿ ಬದಲಾಗಲು ಶುರುವಾದ ವರ್ಷದಲ್ಲೇ ಈ ಕೂಸು ಹುಟ್ಟಿತು.

ಆದರೆ ಆ ಗಾಳಿ ಇನ್ನೂ ವಾಟೇಗಾಂವದ ಕೇರಿಗೆ ಮುಟ್ಟಿರಲಿಲ್ಲ. ಹಗ್ಗ ಹೊಸೆಯೋದು, ಕಸಬರಿಗೆ ಕಟ್ಟೋದು, ಊರವರ ಮದುವೆ-ಜಾತ್ರೆಯಲ್ಲಿ ಹಲಗಿ-ಸನಾದಿ ಬಾರಿಸೋದು, ಊರ ಕಾವಲು ಕಾಯೋದು. ಇವೇ ಕೆಲಸ. ಮೇಲೆ ಬ್ರಿಟಿಷರ ಕಾಯ್ದೆಯೊಂದು. ಕೆಲವು ಜಾತಿಗಳವರು ಹುಟ್ಟಿದ್ದೇ ಅಪರಾಧಿಗಳಾಗಿ ಅಂತ 1871ರಲ್ಲಿ ಬರೆದಿಟ್ಟ ಕಾಯ್ದೆ ಅದು. ಆ ಪಟ್ಟಿಗೆ ಸೇರಿದವರು ಸರ್ಕಾರದ ಮುಂದೆ ದಿನಾ ಹಾಜರಿ ಹಾಕಬೇಕು. ಊರಲ್ಲಿ ಕಳ್ಳತನ ಆದರೆ ಮೊದಲ ಏಟು ಕೇರಿಗೆ. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರಲ್ಲಿ ಆ ಕಾಯ್ದೆ ಹೋಯಿತು. ಅಣ್ಣಾಭಾವು ಅವರಿಗೆ ಆಗ 32 ವರ್ಷ. ಅವರ ಅರ್ಧಕ್ಕಿಂತ ಹೆಚ್ಚು ಆಯುಷ್ಯ ಆ ಕಾಯ್ದೆಯ ನೆರಳಲ್ಲೇ ಕಳೆಯಿತು ನೋಡ್ರಿ.

ಶಾಲೆಯ ಕಥೆ ನಿಮಗೆ ಗೊತ್ತೇ ಅದ. ಅವರು ಶಾಲೆಗೆ ಹೋದದ್ದು ಒಂದೂವರೆ ದಿವಸ ಅಂತ ಇಡೀ ಮಹಾರಾಷ್ಟ್ರ ಹೇಳತದ. ಮಾಸ್ತರರ ಹೊಡೆತ ಮತ್ತು ಬೇರೆ ಕೂರಿಸುವ ಅವಮಾನ ಆ ಹುಡುಗನನ್ನು ಶಾಲೆಯಿಂದ ಓಡಿಸಿದವು. ಅವರಿಗೆ ಕಲಿಸಿದ್ದು ಕೇರಿ. ಹಲಗಿಯ ಪೆಟ್ಟು, ಲಾವಣಿ, ಪೋವಾಡೆ, ಹಿರಿಯರು ಹೇಳುವ ಬಂಡುಕೋರರ ಕಥೆ. ಪೋವಾಡೆ ಅಂದ್ರ ನಮ್ಮ ಕಡೆ ಗೀಗೀ ಮೇಳದವರು ಡಪ್ಪು ಹಿಡಿದು ವೀರರ ಕಥೆ ಹಾಡತಾರಲ್ಲ, ಅದರ ಅಣ್ಣ-ತಮ್ಮ. ಕೇಳಿದ್ದನ್ನು ಒಂದೇ ಸಲಕ್ಕೆ ಬಾಯಿಪಾಠ ಮಾಡುವ ಶಕ್ತಿ ಅವರಿಗಿತ್ತು.

ನಡೆದು ಹೋದ ಮುಂಬಯಿ

1931-32ರ ಸುಮಾರಿಗೆ, ಹನ್ನೊಂದು-ಹನ್ನೆರಡು ವರ್ಷದ ಹುಡುಗ ಇರುವಾಗ, ಬರ ಮತ್ತು ಹಸಿವು ತಾಳಲಾರದೆ ಕುಟುಂಬ ಮುಂಬಯಿಗೆ ಹೊರಟಿತು. ರೈಲಿಗೆ ರೊಕ್ಕ ಇರಲಿಲ್ಲ. ನಡೆದೇ ಹೊರಟರು. ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ದಾರಿಯಲ್ಲಿ ಸಿಕ್ಕ ಕೂಲಿ ಮಾಡುತ್ತ, ಸಿಕ್ಕಲ್ಲಿ ಮಲಗುತ್ತ ನಡೆದರು. ಇವತ್ತು ಮಿರಜದಲ್ಲಿ ರಾತ್ರಿ ರೈಲು ಹತ್ತಿ ಬೆಳಗ್ಗೆ ಮುಂಬಯಿಯಲ್ಲಿ ಇಳಿಯುವ ನಾವು ಆ ದಾರಿಯನ್ನು ಒಂದು ಸಲ ಮನಸ್ಸಿನಲ್ಲಿ ನಡೆದು ನೋಡಬೇಕು.

ಮುಂಬಯಿಯಲ್ಲಿ ಅವರು ಮಾಡದ ಕೆಲಸ ಇಲ್ಲ. ಕಲ್ಲಿದ್ದಲು ಆರಿಸಿದರು. ಹಮಾಲಿ ಮಾಡಿದರು. ಬಟ್ಟೆ ಮಾರುವವರ ಗಂಟು ಹೊತ್ತು ಗಲ್ಲಿ ಗಲ್ಲಿ ತಿರುಗಿದರು. ಸಾಹುಕಾರರ ನಾಯಿ ನೋಡಿಕೊಂಡರು. ಸಿನಿಮಾ ಥಿಯೇಟರಿನ ಬಾಗಿಲು ಕಾಯ್ದರು. ಬಟ್ಟೆ ಗಿರಣಿಯಲ್ಲಿ ದುಡಿದರು. ಅಕ್ಷರ ಕಲಿತದ್ದೂ ಇದೇ ತಿರುಗಾಟದಲ್ಲಿ. ಅಂಗಡಿಗಳ ಪಾಟಿ, ಗೋಡೆಯ ಮೇಲಿನ ಸಿನಿಮಾ ಪೋಸ್ಟರು, ಇವೇ ಅವರ ಅಂಕಲಿಪಿ. ಒಂದೊಂದೇ ಅಕ್ಷರ ಕೂಡಿಸಿ ಓದು ಕಲಿತರು. ಮುಂದೆ ಮರಾಠಿಯಲ್ಲಿ ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದ ಕೈ ಇದು.

ಈಗ ಒಂದು ಮಾತು ಗಮನಿಸಿರಿ. ಊರು ಬಿಟ್ಟಾಗ ಅವರು ಹಾಡು ಬಿಟ್ಟು ಬಂದಿದ್ದರು. ಮುಂಬಯಿಯಲ್ಲಿ ಹೊಟ್ಟೆಯ ಚಿಂತೆಯೇ ಮುಖ್ಯ. ಹಾಡುವವನಿಗೆ ಕೂಲಿ ಇಲ್ಲ, ಹೊರುವವನಿಗೆ ಕೂಲಿ. ಕುಪವಾಡ ಎಂಐಡಿಸಿಯಲ್ಲಿ ಶಿಫ್ಟ್ ಹಿಡಿದ ಮೇಲೆ ಹಲಗಿಯನ್ನು ಮೊಳಿಗೆ ತೂಗು ಹಾಕಿದ ನಮ್ಮ ಹುಡುಗರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಗಿರಣಿಯಿಂದ ತಮಾಶಾಕ್ಕೆ

ಮುಂದೆ ಗಿರಣಿಯ ಕೆಲಸ ಹೋಯಿತು. ಮುಂಬಯಿಯಲ್ಲಿ ನಿಲ್ಲುವುದು ಕಷ್ಟವಾಗಿ ವಾಟೇಗಾಂವಕ್ಕೆ ತಿರುಗಿ ಬಂದರು. ಊರವರ ಕಣ್ಣಿಗೆ ಅದು ಸೋತು ಬಂದಂತೆ ಕಂಡಿರಬೇಕು. ಆದರೆ ಆ ಸೋಲೇ ಅವರನ್ನು ಮೊದಲ ಸಲ ಕಲೆಗೆ ಮರಳಿಸಿತು. ಅವರ ಬಂಧು ಬಾಪೂ ಸಾಠೆ ಅವರದೊಂದು ತಮಾಶಾ ಮೇಳ ಇತ್ತು. ಅದರಲ್ಲಿ ಸೇರಿದರು. ಢೋಲಕಿ, ತುಣತುಣಿ, ಪೇಟಿ, ಯಾವುದು ಕೈಗೆ ಕೊಟ್ಟರೂ ಬಾರಿಸುತ್ತಿದ್ದರು. ವೇಷ ಹಾಕಿದರು, ಮಾತು ಜೋಡಿಸಿದರು, ಹಾಡು ಕಟ್ಟಿದರು. ಈ ಸಲ ಅವರು ಬರೀ ಕೇರಿಯ ಹುಡುಗನಾಗಿರಲಿಲ್ಲ. ಗಿರಣಿಯ ಸದ್ದು, ಮುಷ್ಕರದ ಘೋಷಣೆ, ಮುಂಬಯಿಯ ಗಲ್ಲಿಗಳ ವಾಸನೆ ಎಲ್ಲವೂ ಅವರ ಜತೆ ಊರಿಗೆ ಬಂದಿತ್ತು.

ಅದು ಹೆಚ್ಚು ಕಾಲ ನಡೆಯಲಿಲ್ಲ. 1942ರ ಚಳವಳಿ ನಮ್ಮ ಸೀಮೆಯಲ್ಲಿ ಬೆಂಕಿಯಂತೆ ಹಬ್ಬಿತು. ಕ್ರಾಂತಿಸಿಂಹ ನಾನಾ ಪಾಟೀಲರ ಪ್ರತಿ ಸರ್ಕಾರ ಕೃಷ್ಣಾ-ವಾರಣಾ ದಂಡೆಯ ಹಳ್ಳಿಗಳಲ್ಲಿ ನಡೆದ ಕಾಲ ಅದು. ಅಣ್ಣಾಭಾವು ಅದರ ಸಂಪರ್ಕಕ್ಕೆ ಬಂದರು. ಪೋಲೀಸರ ವಾರಂಟು ಹೊರಟಿತು. ಮೇಳ ಬಿಟ್ಟು, ಊರು ಬಿಟ್ಟು ಮತ್ತೆ ಮುಂಬಯಿಗೆ ಹೋಗಬೇಕಾಯಿತು.

ಸೊಳ್ಳೆಯ ಹಾಡಿನಿಂದ ಲಾಲ್ ಬಾವಟಾಕ್ಕೆ

ಮುಂಬಯಿಯ ಮಾಟುಂಗಾದಲ್ಲಿ ಲೇಬರ್ ಕ್ಯಾಂಪ್ ಅಂತ ದಲಿತ ಕಾರ್ಮಿಕರ ವಸತಿ ಇತ್ತು. ಅಲ್ಲಿ ಕಮ್ಯುನಿಸ್ಟ್ ಪಕ್ಷದ ಕೆಲಸ ನಡೆಯುತ್ತಿತ್ತು. ಅಲ್ಲಿಯ ಕೊಳಚೆಯಲ್ಲಿ ಸೊಳ್ಳೆಯ ಕಾಟ ಅಂದ್ರ ಹೇಳಬ್ಯಾಡ್ರಿ. ಅಣ್ಣಾಭಾವು ಆ ಸೊಳ್ಳೆಯ ಮೇಲೆಯೇ ಒಂದು ಪೋವಾಡೆ ಕಟ್ಟಿದರು. ಪೋವಾಡೆ ಅಂದರೆ ಶಿವಾಜಿ ಮಹಾರಾಜರದು, ಸರದಾರರದು ಅಂತ ತಿಳಿದಿದ್ದ ಕಾಲದಲ್ಲಿ ಸೊಳ್ಳೆಯ ಪೋವಾಡೆ! ಜನ ನಕ್ಕರು, ಆಮೇಲೆ ಯೋಚನೆಗೆ ಬಿದ್ದರು. ತಾನು ಮಲಗುವ ಜಾಗದ ಕಷ್ಟವೂ ಹಾಡಿಗೆ ವಸ್ತು ಆಗಬಹುದು ಅನ್ನೋದನ್ನು ಅವರು ಕಂಡುಕೊಂಡದ್ದು ಇಲ್ಲಿ.

1943ರಲ್ಲಿ ಸ್ಟಾಲಿನ್‌ಗ್ರಾಡ್ ಯುದ್ಧದ ಪೋವಾಡೆ ಬಂತು. ಎಲ್ಲಿಯ ವಾಟೇಗಾಂವ, ಎಲ್ಲಿಯ ವೋಲ್ಗಾ ನದಿ! ಹಿಟ್ಲರನ ಸೈನ್ಯವನ್ನು ತಡೆದ ಆ ಊರಿನ ಕೂಲಿಕಾರರ ಕಥೆ ಮುಂಬಯಿಯ ಗಿರಣಿ ಕಾರ್ಮಿಕನಿಗೆ ತನ್ನದೇ ಅನಿಸಿತು. ಬಂಗಾಲದ ಬರಗಾಲದ ಮೇಲೂ ಪೋವಾಡೆ ಕಟ್ಟಿದರು. 1944ರಲ್ಲಿ ಶಾಹೀರ ಅಮರ ಶೇಖ, ಶಾಹೀರ ಗವಾಣಕರ ಮತ್ತು ಅಣ್ಣಾಭಾವು ಮೂವರೂ ಸೇರಿ ಲಾಲ್ ಬಾವಟಾ ಕಲಾಪಥಕ ಎಂಬ ತಂಡ ಕಟ್ಟಿದರು. ಕೆಂಪು ಬಾವುಟದ ಕಲಾತಂಡ ಅಂತ ಅರ್ಥ. ಒಬ್ಬ ಮುಸಲ್ಮಾನ, ಒಬ್ಬ ವಾಟೇಗಾಂವದ ಮಾತಂಗ, ಜತೆಗೆ ಗವಾಣಕರ. ಗಿರಣಿ ಗೇಟು, ಮೈದಾನ, ಹಳ್ಳಿಯ ಕಟ್ಟೆ, ಎಲ್ಲೆಲ್ಲೂ ಅವರ ಆಟ.

ತಮಾಶಾದ ಚೌಕಟ್ಟನ್ನೇ ಅಣ್ಣಾಭಾವು ತಿರುಗಿಸಿದರು. ಮೊದಲು ಗಣಪತಿಯ ಸ್ತುತಿ, ಆಮೇಲೆ ಕೃಷ್ಣ-ಗೌಳಣಿಯರ ಪ್ರಸಂಗ, ಆಮೇಲೆ ಲಾವಣಿ, ಕೊನೆಗೆ ವಗ ಅಂದರೆ ಕಥೆ. ನಮ್ಮ ಸಣ್ಣಾಟ-ಪಾರಿಜಾತ ನೋಡಿದವರಿಗೆ ಈ ಕ್ರಮ ಹೊಸದಲ್ಲ. ಅಣ್ಣಾಭಾವು ಗಣಪತಿಯ ಜಾಗದಲ್ಲಿ ತಾಯ್ನೆಲಕ್ಕೆ, ಹುತಾತ್ಮರಿಗೆ, ದುಡಿಯುವ ಕೈಗಳಿಗೆ ನಮಿಸಿದರು. ಗೌಳಣಿ ತೆಗೆದರು. ಕಥೆಯಲ್ಲಿ ಶೇಠಜಿಯ ಚುನಾವಣೆ, ಮಂತ್ರಿಯ ದೌರೆ, ನಕಲಿ ದೇಶಭಕ್ತರ ಭಾನಗಡಿ ತಂದರು. ಇದೇ ಲೋಕನಾಟ್ಯ. ಅಲ್ಲಿಯವರೆಗೆ ನಮ್ಮವರು ತಮಾಶಾದಲ್ಲಿ ಕುಣಿದು ಸಾಹುಕಾರರನ್ನು ನಗಿಸುತ್ತಿದ್ದರು. ಈಗ ಸಾಹುಕಾರರನ್ನು ಕಂಡು ಜನ ನಗುವಂತಾಯಿತು.

ಬಂದಿ, ಮತ್ತು ಲೇಖಣಿ

ಅದಕ್ಕೆ ಬೆಲೆ ಕೊಡಬೇಕಾಯಿತು. ಸ್ವಾತಂತ್ರ್ಯ ಬಂದ ಹೊಸದರಲ್ಲೇ ಮುಂಬಯಿ ಸರ್ಕಾರ ತಮಾಶಾದ ಮೇಲೆ ಬಂದಿ ಹಾಕಿತು. ಕಮ್ಯುನಿಸ್ಟರ ಮೇಲೆ ಕಣ್ಣಿಟ್ಟ ಕಾಲ ಬೇರೆ. ಲಾಲ್ ಬಾವಟಾ ತಂಡಕ್ಕೂ ಅಡ್ಡಿ ಬಂತು. ಯಾವ ಕಲೆಗೆ ಎರಡು ಸಲ ತಿರುಗಿ ಬಂದಿದ್ದರೋ ಅದರ ಬಾಗಿಲಿಗೆ ಈಗ ಸರ್ಕಾರವೇ ಕೀಲಿ ಹಾಕಿತು.

ಇಲ್ಲಿ ಅವರು ಏನು ಮಾಡಿದರು ಅನ್ನೋದೇ ಈ ಲೇಖನದ ಮುಖ್ಯ ಮಾತು. ತಮಾಶಾ ಎಂಬ ಹೆಸರಿಗೆ ಬಂದಿ ಇದ್ದರೆ ಲೋಕನಾಟ್ಯ ಎಂಬ ಹೆಸರಿನಿಂದ ಆಡಿದರು. ಆಟಕ್ಕೆ ಅಡ್ಡಿ ಬಂದರೆ ಲೇಖಣಿ ಹಿಡಿದರು. ಒಂದೂವರೆ ದಿವಸ ಶಾಲೆ ಕಂಡ ಮನುಷ್ಯ ಘಾಟಕೋಪರದ ಚಿರಾಗನಗರದ ಜೋಪಡಿಯಲ್ಲಿ ಕುಳಿತು ಕಥೆ-ಕಾದಂಬರಿ ಬರೆಯಲು ಶುರು ಮಾಡಿದರು. ಮೈಕು ಇಲ್ಲ, ಢೋಲಕಿ ಇಲ್ಲ, ಎದುರಿಗೆ ಕೂಗುವ ಜನ ಇಲ್ಲ. ಮಳೆಗಾಲದಲ್ಲಿ ಸೋರುವ ಜೋಪಡಿ, ಚಿಮಣಿ ಬೆಳಕು, ಕಾಗದ.

ಬರೆದದ್ದು ಯಾರ ಬಗ್ಗೆ? ಸ್ಮಶಾನದ ಬೂದಿಯಲ್ಲಿ ಹೆಣದ ಮೈಮೇಲಿನ ಬಂಗಾರದ ಚೂರು ಹುಡುಕಿ ಹೊಟ್ಟೆ ಹೊರೆಯುವ ಭೀಮನ ಬಗ್ಗೆ ಒಂದು ಕಥೆ. ಕೆಲಸ ಕಳಕೊಂಡ ಬಲಶಾಲಿ ಮನುಷ್ಯ ಹಸಿವಿಗಾಗಿ ಎಲ್ಲಿಯವರೆಗೆ ಹೋಗಬೇಕಾಗತದ ಅನ್ನೋದು ಅದರಲ್ಲಿ ಅದ. ತಮಾಶಾದ ಹೆಣ್ಣುಮಕ್ಕಳ ಬದುಕಿನ ಬಗ್ಗೆ ವೈಜಯಂತಾ. ವಾರಣಾ ದಂಡೆಯ ಬಂಡುಕೋರನ ಬಗ್ಗೆ ವಾರಣೇಚಾ ವಾಘ. ಗಮನಿಸಿರಿ, ಮುಂಬಯಿಯಲ್ಲಿ ಕುಳಿತು ಅವರು ಮತ್ತೆ ಮತ್ತೆ ನಮ್ಮ ವಾರಣಾ-ಕೃಷ್ಣಾ ಸೀಮೆಗೇ ಬರುತ್ತಿದ್ದರು. ಕಾಲಿನಿಂದ ಬಿಟ್ಟ ಊರಿಗೆ ಲೇಖಣಿಯಿಂದ ಮರಳಿದರು.

1959ರಲ್ಲಿ ಫಕೀರಾ ಬಂತು. ವಾಟೇಗಾಂವದ ಫಕೀರಾ ಅವರ ಸಂಬಂಧಿಕರಲ್ಲೇ ಒಬ್ಬ. ಬರಗಾಲದಲ್ಲಿ ಕೇರಿಯ ಜನ ಹಸಿವಿನಿಂದ ಸಾಯುವಾಗ ತುಂಬಿದ ಕಣಜ ಲೂಟಿ ಮಾಡಿ ಜನರ ಹೊಟ್ಟೆಗೆ ಹಾಕಿದವ, ದಿನದ ಹಾಜರಿಯ ಅವಮಾನವನ್ನು ಧಿಕ್ಕರಿಸಿದವ. ಸರ್ಕಾರದ ದಫ್ತರದಲ್ಲಿ ದರೋಡೆಖೋರ ಅಂತ ಬರೆದವನನ್ನು ಅಣ್ಣಾಭಾವು ವೀರ ಅಂತ ಬರೆದರು. ಹುಟ್ಟು ಅಪರಾಧಿ ಅನ್ನುವ ಕಾಯ್ದೆಗೆ ಒಬ್ಬ ಕಲಾವಿದ ಕೊಟ್ಟ ಉತ್ತರ ಅದು. ಆ ಪುಸ್ತಕವನ್ನು ಬಾಬಾಸಾಹೇಬರ ಹೋರಾಟದ ಲೇಖಣಿಗೆ ಅರ್ಪಿಸಿದರು. 1961ರಲ್ಲಿ ಅದಕ್ಕೆ ಮಹಾರಾಷ್ಟ್ರ ಸರ್ಕಾರದ ಬಹುಮಾನ ಬಂತು.

ನಮ್ಮೊಳಗೆ ಒಂದು ವಾದ ಆಗಾಗ ನಡೆಯತದ. ಅಣ್ಣಾಭಾವು ಕಮ್ಯುನಿಸ್ಟರೋ, ಅಂಬೇಡಕರವಾದಿಯೋ? ಚಹಾ ಅಂಗಡಿ ಮುಂದೆ ಇದರ ಮೇಲೆ ಜಗಳವೂ ಆಗಿದ್ದುಂಟು. ಅವರ ಬದುಕು ನೋಡಿದರೆ ಅವರು ಎರಡೂ ಕೈಗಳಲ್ಲಿ ಎರಡು ದೀಪ ಹಿಡಿದವರು. 1958ರ ಮಾರ್ಚ್ 2ರಂದು ಮುಂಬಯಿಯಲ್ಲಿ ಮೊದಲ ದಲಿತ ಸಾಹಿತ್ಯ ಸಮ್ಮೇಳನ ಉದ್ಘಾಟಿಸಿದವರು ಅವರೇ. ಭೂಮಿ ನಿಂತಿರೋದು ಆದಿಶೇಷನ ಹೆಡೆಯ ಮೇಲಲ್ಲ, ದಲಿತರ ಮತ್ತು ದುಡಿಯುವವರ ಅಂಗೈ ಮೇಲೆ ಅನ್ನೋ ಅರ್ಥದ ಮಾತನ್ನು ಅಲ್ಲಿ ಆಡಿದರು. ದಲಿತ ಮತ್ತು ದುಡಿಯುವವ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ನಾವು ಯಾಕೆ ಅವರನ್ನು ಹರಿದು ಹಂಚಿಕೊಳ್ಳಬೇಕು?

ಕನ್ನಡ ಮಾತಾಡುವ ನಮಗೆ ಒಂದು ಮಾತು

ಇನ್ನೊಂದು ವಿಷಯ ಮುಚ್ಚಿಡದೆ ಹೇಳಬೇಕು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಅವರು ಕಟ್ಟಿದ ಮೈನಾ ಲಾವಣಿ ಮನೆಮನೆಗೆ ಮುಟ್ಟಿತು. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಕೂಲಿಕಾರ ಊರಲ್ಲಿ ಉಳಿದ ಹೆಂಡತಿಯನ್ನು ನೆನೆಯುವ ಹಾಡು ಅದು. ಹೆಂಡತಿಯ ಅಗಲಿಕೆ ಹೇಳುತ್ತ ಹೇಳುತ್ತ ರಾಜ್ಯದ ಹೊರಗುಳಿದ ಸೀಮೆಯ ಅಗಲಿಕೆಗೆ ಬರತದ. ಅದರಲ್ಲಿ ಬೆಳಗಾವಿ, ನಿಪ್ಪಾಣಿ, ಕಾರವಾರದ ಹೆಸರೂ ಅವ. ಮನೆಯಲ್ಲಿ ಕನ್ನಡ ಮಾತಾಡುವ ನಮಗೆ, ಜತ್ತ ಕಡೆಯಿಂದ, ಗಡಿ ಆಚೆಯಿಂದ ಬಂದು ಇಲ್ಲಿ ನೆಲೆ ನಿಂತವರಿಗೆ, ಈ ಜಾಗದಲ್ಲಿ ಮನಸ್ಸು ಸ್ವಲ್ಪ ಹಿಂಜರಿಯುವುದು ಸಹಜ. ಗಡಿಯ ಬಗ್ಗೆ ಅವರ ಮಾತಿಗೆ ನಾವು ಒಪ್ಪಲೇಬೇಕೆಂದಿಲ್ಲ. ಆದರೆ ಊರು ಒಂದು ಕಡೆ, ದುಡಿಮೆ ಒಂದು ಕಡೆ, ಮನಸ್ಸು ಮತ್ತೊಂದು ಕಡೆ ಆದವರ ನೋವನ್ನು ಅವರಷ್ಟು ಚಂದ ಹಾಡಿದವರು ಯಾರು? 1956ರಲ್ಲಿ ಕನ್ನಡ ರಾಜ್ಯ ಆದಾಗ, 1960ರಲ್ಲಿ ಮಹಾರಾಷ್ಟ್ರ ಆದಾಗ, ಗೆರೆಯ ಈ ಬದಿ ಉಳಿದ ನಮಗೂ ಒಬ್ಬ ಮೈನಾ ಇದ್ದಾಳೆ. ಆ ಹಾಡು ಮರಾಠಿಯಲ್ಲಿದ್ದರೂ ಅಗಲಿಕೆಗೆ ಭಾಷೆ ಇಲ್ಲ.

ರಷ್ಯಾ, ಸಿನಿಮಾ, ಮತ್ತು ಕೊನೆಯ ದಿನಗಳು

1961ರಲ್ಲಿ ಅವರು ರಷ್ಯಾಕ್ಕೆ ಹೋಗಿ ಬಂದರು. ಮುಂಬಯಿಗೆ ನಡೆದು ಹೋದ ಹುಡುಗ ವಿಮಾನ ಹತ್ತಿ ಮಾಸ್ಕೋ ನೋಡಿದ. ಆ ಪ್ರವಾಸದ ಪುಸ್ತಕವನ್ನೂ ಬರೆದರು. ಅದೇ ವರ್ಷ ವೈಜಯಂತಾ ಸಿನಿಮಾ ಆಯಿತು. ಮುಂದೆ ಫಕೀರಾ ಸೇರಿ ಇನ್ನೂ ಕೆಲವು ಕಾದಂಬರಿ ತೆರೆಗೆ ಬಂದವು. ಥಿಯೇಟರಿನ ಬಾಗಿಲು ಕಾಯ್ದವನ ಹೆಸರು ಥಿಯೇಟರಿನ ಪರದೆಯ ಮೇಲೆ ಬಂತು.

ಆದರೆ ರೊಕ್ಕ ಬರಲಿಲ್ಲ. ಬಂದದ್ದು ನಿಲ್ಲಲಿಲ್ಲ. ಹೆಸರು ಮಾಸ್ಕೋದವರೆಗೆ ಹೋಗಿದ್ದರೂ ವಾಸ ಜೋಪಡಿಯಲ್ಲೇ ಇತ್ತು. ಕೊನೆಯ ವರ್ಷಗಳಲ್ಲಿ ಗೋರೆಗಾಂವದ ಸಿದ್ಧಾರ್ಥನಗರದಲ್ಲಿ ಮನೆ ಸಿಕ್ಕಿತು, ಆದರೆ ಆ ಹೊತ್ತಿಗೆ ಮೈ ಸೋತಿತ್ತು. ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಕುಡಿತ ಅಂಟಿಕೊಂಡಿತ್ತು. ಇದನ್ನು ಹೇಳಬಾರದು, ಮಹಾಪುರುಷರ ಬಗ್ಗೆ ಒಳ್ಳೆಯದಷ್ಟೇ ಹೇಳಬೇಕು ಅಂತ ಕೆಲವರು ಅನ್ನತಾರ. ನಾನು ಹೇಳತೇನೆ. ಯಾಕಂದ್ರ ನಮ್ಮ ಓಣಿಯಲ್ಲೂ ಒಳ್ಳೆ ಕಂಠದವರು, ಒಳ್ಳೆ ಕೈಯವರು ಇದೇ ದಾರಿಯಲ್ಲಿ ಹೋಗಿದ್ದನ್ನು ನಾವು ಕಣ್ಣಾರೆ ಕಂಡೀವಿ. ಅಣ್ಣಾಭಾವು ಅವರನ್ನು ಕುಡಿತ ಮಾತ್ರ ಕೆಡಿಸಲಿಲ್ಲ. ಅವರ ದುಡಿಮೆಯ ಫಲ ಉಂಡವರು ಅವರ ಜೋಪಡಿಯ ಕಡೆ ತಿರುಗಿ ನೋಡಲಿಲ್ಲ. ಅವರ ಹಾಡಿಗೆ ಚಪ್ಪಾಳೆ ಹೊಡೆದ ಸಮಾಜ ಅವರ ಒಲೆ ಹೊತ್ತಿದೆಯೋ ಇಲ್ಲವೋ ಕೇಳಲಿಲ್ಲ. 1969ರ ಜುಲೈ 18ರಂದು ತೀರಿಕೊಂಡರು. ಐವತ್ತು ವರ್ಷವೂ ತುಂಬಿರಲಿಲ್ಲ.

ಸತ್ತ ಮೇಲೆ ಎಲ್ಲವೂ ಬಂತು. ಅವರ ಹೆಸರಿನ ವಿಕಾಸ ಮಹಾಮಂಡಳ ಆಯಿತು. 2002ರಲ್ಲಿ ಅಂಚೆ ಚೀಟಿ ಬಂತು. 2022ರಲ್ಲಿ ಮಾಸ್ಕೋದ ಗ್ರಂಥಾಲಯವೊಂದರಲ್ಲಿ ಅವರ ಪುತ್ಥಳಿ ನಿಂತಿತು. ಬದುಕಿದ್ದಾಗ ಒಂದು ಗಟ್ಟಿ ಛಾವಣಿಗಾಗಿ ಇಷ್ಟು ವರ್ಷ ಕಾಯ್ದವರಿಗೆ ಸತ್ತ ಮೇಲೆ ಕಲ್ಲು-ಕಂಚಿಗೆ ಕೊರತೆ ಆಗಲಿಲ್ಲ.

ನಮ್ಮ ಪಾಲಿಗೆ ಏನು?

ಯುವ ಮಿತ್ರರೇ, ಈಗ ಹಿಂತಿರುಗಿ ಎಣಿಸಿರಿ. ಹಸಿವು ಅವರಿಂದ ಹಾಡು ಕಸಿದುಕೊಂಡಾಗ ಗಿರಣಿಯಿಂದ ತಮಾಶಾಕ್ಕೆ ಬಂದರು. ವಾರಂಟು ತಮಾಶಾದಿಂದ ಓಡಿಸಿದಾಗ ಕಾರ್ಮಿಕರ ನಡುವೆ ಪೋವಾಡೆಗೆ ಬಂದರು. ಸರ್ಕಾರ ಆಟ ನಿಲ್ಲಿಸಿದಾಗ ಕಾದಂಬರಿಗೆ ಬಂದರು. ಮರಳಿದ ಪ್ರತಿ ಸಲವೂ ಬಿಟ್ಟ ಜಾಗಕ್ಕೇ ಬರಲಿಲ್ಲ, ಒಂದು ಹೆಜ್ಜೆ ಮುಂದೆ ಬಂದರು. ಕಲೆಯಿಂದ ದೂರ ಇದ್ದ ದಿನಗಳೂ ವ್ಯರ್ಥ ಆಗಲಿಲ್ಲ. ಗಂಟು ಹೊತ್ತದ್ದು, ಕಲ್ಲಿದ್ದಲು ಆರಿಸಿದ್ದು, ಎಲ್ಲವೂ ಮುಂದೆ ಕಥೆಗೆ ಬಂತು.

ಅದಕ್ಕ ನಿಮಗೊಂದು ವಿನಂತಿ. ಮೊಳಿಗೆ ತೂಗು ಹಾಕಿದ ಹಲಗಿ ಇಳಿಸಿರಿ. ಹತ್ತನೆಯ ಇಯತ್ತೆಯ ಆಮೇಲೆ ಬಿಟ್ಟ ಚಿತ್ರದ ವಹಿ ಹುಡುಕಿರಿ. ಮದುವೆಯಾದ ಮೇಲೆ ಹಾಡು ನಿಲ್ಲಿಸಿದ ಅಕ್ಕ-ತಂಗಿಯರೇ, ಅಡುಗೆ ಮನೆಯಲ್ಲಿ ಗುನುಗುವುದನ್ನು ಸ್ವಲ್ಪ ದೊಡ್ಡ ದನಿಯಲ್ಲಿ ಹಾಡಿರಿ. ಹತ್ತು ವರ್ಷ ಬಿಟ್ಟಿದ್ದರೂ ನಾಚಿಕೆ ಪಡಬ್ಯಾಡ್ರಿ. ತಿರುಗಿ ಬರುವವನಿಗೆ ವಯಸ್ಸಿನ ಮಿತಿ ಇಲ್ಲ.

ಸಂಘದ ಹಿರಿಯರಿಗೂ ಒಂದು ಮಾತು. ನಮ್ಮ ಓಣಿಯ ಕಲಾವಿದರು ಬದುಕಿರುವಾಗಲೇ ಅವರ ಮನೆಯ ಒಲೆಯನ್ನು ವಿಚಾರಿಸೋಣ. ವರ್ಗಣಿ ಎತ್ತಿ ದೊಡ್ಡ ಬ್ಯಾನರ್ ಹಾಕುವುದರಲ್ಲಿ ಅರ್ಧ ಉಳಿಸಿ ಒಂದು ಢೋಲಕಿ, ಒಂದು ಪೇಟಿ, ಹತ್ತು ಪುಸ್ತಕ ತರೋಣ. ಫಕೀರಾದ ಒಂದು ಪ್ರತಿ ಸಂಘದ ಕಪಾಟಿನಲ್ಲಿ ಇರಲಿ, ಮರಾಠಿ ಓದಲು ಬರುವ ಹುಡುಗರು ವಾರಕ್ಕೊಮ್ಮೆ ಕುಳಿತು ಉಳಿದವರಿಗೆ ಕನ್ನಡದಲ್ಲಿ ಹೇಳಲಿ. ಬರುವ ಆಗಸ್ಟ್ 1ಕ್ಕೆ ಒಂದು ಟೆಂಪೋ ಮಾಡಿಕೊಂಡು ಎಲ್ಲರೂ ವಾಟೇಗಾಂವಕ್ಕೆ ಹೋಗಿ ಬರೋಣ. ಅವರು ಮುಂಬಯಿಗೆ ನಡೆದು ಹೋದವರು. ನಾವು ಅವರ ಊರಿನವರೆಗೆ ಕುಳಿತುಕೊಂಡಾದರೂ ಹೋಗಬಾರದೇ?

ಜೈ ಭೀಮ. ಜೈ ಅಣ್ಣಾಭಾವು.